ಕೊನೆಯ ಬೋಗಿಯ ಗುರುತು

ಮಕ್ಕಳೇ, ದಸರಾ ರಜೆಗೆ ಅಜ್ಜಿಯ ಊರಿಗೆ ರೈಲಿನಲ್ಲಿ ಹೊರಟಿದ್ದೀರಾ? ಪುಟ್ಟ ನೋಟ್‌ಬುಕ್ ಜೊತೆಗಿರಲಿ. ಎಂಜಿನ್ನಿನ ಮೇಲೆ ‘ಡಬ್ಲ್ಯೂಎಪಿ-7’ ಎಂದಿದ್ದರೆ ಹೀಗೆ ಓದಿ: ಡಬ್ಲ್ಯೂ ಎಂದರೆ ಬ್ರಾಡ್‌ಗೇಜ್, ಹಳಿಗಳ ನಡುವೆ 1676 ಮಿ.ಮೀ. ಅಂತರ, ಎ ಎಂದರೆ ಎ.ಸಿ. ವಿದ್ಯುತ್, ಪಿ ಎಂದರೆ ಪ್ರಯಾಣಿಕರ ಗಾಡಿಗೆ. ಎ ಬದಲು ಡಿ ಇದ್ದರೆ ಡೀಸೆಲ್, ಪಿ ಬದಲು ಜಿ ಇದ್ದರೆ ಗೂಡ್ಸ್.

ಎಂಜಿನ್ ಹೋಯಿತೆಂದು ಮುಖ ತಿರುಗಿಸಬೇಡಿ. ಕೊನೆಯ ಬೋಗಿಯ ಹಿಂದೆ ದೊಡ್ಡ ‘ಎಕ್ಸ್’ ಗುರುತು, ರಾತ್ರಿಯಾದರೆ ಕೆಂಪು ದೀಪ ಕಾಣುತ್ತದೆ. ಅದನ್ನು ನೋಡಿ ನಿಲ್ದಾಣದ ಸಿಬ್ಬಂದಿ ಗಾಡಿ ಪೂರ್ತಿ ಬಂತೆಂದು ತಿಳಿಯುತ್ತಾರೆ. ಕಾಣದಿದ್ದರೆ? ಬೋಗಿಗಳು ಕಳಚಿ ಹಿಂದೆ ಉಳಿದಿರಬಹುದು; ಅದೇ ಹಳಿಗೆ ಇನ್ನೊಂದು ಗಾಡಿ ಬಿಟ್ಟರೆ ಅನಾಹುತ. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದೆ ನಾವು ಏಳುತ್ತಿರಲಿಲ್ಲ. ರೈಲಿನ ಲೆಕ್ಕವೂ ಹಾಗೆಯೇ.

ನೋಡುವಾಗ ತಲೆ, ಕೈ ಮಾತ್ರ ಕಿಟಕಿಯ ಒಳಗೇ ಇರಲಿ.