ಮನೆಯಲ್ಲಿರುವ ಮಕ್ಕಳಿಗೆ ನಾಟಕ ಪಾಠ: ಧ್ವನಿಯೇ ಮೊದಲ ಮೆಟ್ಟಿಲು

ಕೋವಿಡ್-19ರ ಕಾರಣ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಗಣಿತ, ವಿಜ್ಞಾನ ಹಾಗೂ ಭಾಷಾ ಪಾಠಗಳಿಗೆ ದೂರದರ್ಶನದ ಚಂದನ ವಾಹಿನಿ, ಮೊಬೈಲ್ ಮೊದಲಾದ ಪರ್ಯಾಯ ಮಾರ್ಗಗಳು ಒದಗಿದವು. ನಾಟಕ ಪಾಠಕ್ಕೆ ಅಂತಹ ಮಾರ್ಗ ಸುಲಭವಾಗಿ ಒದಗಲಿಲ್ಲ. ನಟರೂ ಪ್ರೇಕ್ಷಕರೂ ಒಂದೇ ಸ್ಥಳದಲ್ಲಿ, ಒಂದೇ ಕಾಲದಲ್ಲಿ ಕೂಡುವುದೇ ಈ ಕಲೆಯ ಮೂಲ ಲಕ್ಷಣವಾಗಿರುವುದು ಇದಕ್ಕೆ ಕಾರಣ. ಸಾಂಕ್ರಾಮಿಕ ರೋಗ ಅಥವಾ ಅತಿವೃಷ್ಟಿಯಿಂದ ಮಕ್ಕಳು ಮತ್ತೆ ಮನೆಯಲ್ಲಿಯೇ ಉಳಿಯಬೇಕಾದಲ್ಲಿ ನಾಟಕ ಪಾಠವನ್ನು ಹೇಗೆ ಮುಂದುವರಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವುದು ಸಾಧ್ಯ, ಯಾವುದು ಕಷ್ಟ

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ ಮತ್ತು ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಮೊಬೈಲ್ ಪರದೆಯಲ್ಲಿ ಮುಖ ಮತ್ತು ಎದೆಯ ಭಾಗ ಮಾತ್ರ ಕಾಣುವುದರಿಂದ ನಡಿಗೆ, ನಿಲುವು ಮೊದಲಾದ ಆಂಗಿಕವು ಕುಗ್ಗುತ್ತದೆ. ಸಾತ್ತ್ವಿಕಕ್ಕೆ ಎದುರು ನಟನ ಸಾನ್ನಿಧ್ಯದ ಒತ್ತಾಸೆ ಬೇಕು. ಮನೆಯ ಟವೆಲು, ಹಳೆಯ ಸೀರೆಗಳಿಂದ ಆಹಾರ್ಯವನ್ನು ಅಲ್ಪಮಟ್ಟಿಗೆ ಕಲಿಸಬಹುದು. ದೂರವನ್ನು ಹೆಚ್ಚು ನಷ್ಟವಿಲ್ಲದೆ ದಾಟಬಲ್ಲುದು ವಾಚಿಕ ಮಾತ್ರ. ಆಕಾಶವಾಣಿಯ ಬಾನುಲಿ ನಾಟಕಗಳು ಇದಕ್ಕೆ ಸಾಕ್ಷಿ.

ಮೇಳಗಾನ ಏಕೆ ಕೂಡುವುದಿಲ್ಲ

ಹತ್ತು ಮೀಟರ್ ದೂರದಲ್ಲಿ ನಿಂತವರ ಧ್ವನಿ ಸೆಕೆಂಡಿನ ನೂರರಲ್ಲಿ ಸುಮಾರು ಮೂರು ಭಾಗದಷ್ಟು ಸಮಯದಲ್ಲಿ ಕಿವಿಗೆ ತಲುಪುತ್ತದೆ. ಅಂತರ್ಜಾಲದ ಕರೆಯಲ್ಲಿ ಈ ವಿಳಂಬ ಅದರ ಹಲವು ಪಟ್ಟು. ಆದುದರಿಂದ ಎಲ್ಲರೂ ಒಟ್ಟಿಗೆ ಹಾಡಿದರೆ ತಾಳ ತಪ್ಪುತ್ತದೆ. ಅನೇಕ ಧ್ವನಿಗಳು ಏಕಕಾಲಕ್ಕೆ ಬಂದಾಗ ತಂತ್ರಾಂಶವು ಜೋರಾದುದನ್ನು ಮುಂದಿಟ್ಟು ಮೆಲ್ಲನೆಯದನ್ನು ಅಡಗಿಸುವುದೂ ಉಂಟು. ಸಂಕೋಚದ ಮಗುವಿನ ಧ್ವನಿ ಕಳೆದುಹೋಗುವುದು ಹೀಗೆಯೇ. ಒಟ್ಟಿಗೆ ನುಡಿಸುವುದರ ಬದಲು ಒಬ್ಬರ ನಂತರ ಒಬ್ಬರು ನುಡಿಯುವ ಕ್ರಮವೇ ಸೂಕ್ತ.

ಕರೆ ಮತ್ತು ಓಗೊಡುವಿಕೆ

ಕುವೆಂಪು ಅವರ ಮಕ್ಕಳ ನಾಟಕ ‘ನನ್ನ ಗೋಪಾಲ’ವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಾಡುದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಬೇಕಾದ ಬಡ ಬಾಲಕನು ತಾಯಿಯ ಮಾತಿನಂತೆ ಬನದ ಗೋಪಾಲನನ್ನು ಕೂಗಿ ಕರೆಯುತ್ತಾನೆ. ಆ ಒಂದು ಕರೆಯನ್ನು ಭಯದಿಂದ, ನಂಬಿಕೆಯಿಂದ, ಸಂತೋಷದಿಂದ ಹೀಗೆ ಮೂರು ಬಗೆಯಲ್ಲಿ ನುಡಿದು ಮಗು ಧ್ವನಿಮುದ್ರಿಸಿ ಕಳುಹಿಸಲಿ. ಮತ್ತೊಂದು ಮಗು ಅದನ್ನು ಆಲಿಸಿ, ಕರೆಯ ಭಾವಕ್ಕೆ ತಕ್ಕಂತೆ ಓಗೊಡಲಿ. ಕೇಳಿಸಿಕೊಂಡು ಉತ್ತರಿಸುವುದೇ ನಟನೆಯ ಮೊದಲ ಪಾಠವಾದುದರಿಂದ ಸಾತ್ತ್ವಿಕದ ಬೀಜವೂ ಇಲ್ಲಿ ಬೀಳುತ್ತದೆ. ಒಂದು ನಿಮಿಷದ ಧ್ವನಿಸಂದೇಶಕ್ಕೆ ತಗಲುವ ಡೇಟಾ ವಿಡಿಯೋಗಿಂತ ಬಹಳ ಕಡಿಮೆ. ದುರ್ಬಲ ಸಿಗ್ನಲ್ ಇರುವ ಊರುಗಳಿಂದಲೂ ಅದನ್ನು ಕಳುಹಿಸಬಹುದು.

ಮೊಬೈಲ್ ಇಲ್ಲದ ಮಕ್ಕಳು

2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಅವರಿಗೆ ಲಭ್ಯವಿದ್ದ ಸಾಧನಗಳಿಗೆ ಅನುಗುಣವಾಗಿ ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ನಾಟಕ ಪಾಠಕ್ಕೂ ಇದೇ ಕ್ರಮ ಒಪ್ಪುತ್ತದೆ. ಸ್ಮಾರ್ಟ್‌ಫೋನ್ ಇರುವವರು ಧ್ವನಿಸಂದೇಶ ಕಳುಹಿಸಬಹುದು. ಸಾಮಾನ್ಯ ಮೊಬೈಲ್ ಇರುವವರಿಗೆ, ಪೋಷಕರು ಕೆಲಸದಿಂದ ಹಿಂದಿರುಗಿದ ಸಂಜೆಯ ಹೊತ್ತಿನಲ್ಲಿ ಶಿಕ್ಷಕರೇ ಕರೆ ಮಾಡಿ ಸಂಭಾಷಣೆ ಆಲಿಸಬಹುದು. ಏನೂ ಇಲ್ಲದವರಿಗೆ ಮುದ್ರಿತ ಹಾಳೆ ತಲುಪಿಸಬೇಕು: ಅಜ್ಜಿಯಿಂದ ಒಂದು ಕಥೆ ಕೇಳುವುದು, ಅದನ್ನು ಸಂಭಾಷಣೆಯಾಗಿ ಬರೆಯುವುದು, ಮನೆಯವರ ಮುಂದೆ ನುಡಿಯುವುದು. ಮನೆಯ ಒಂದೇ ಮೊಬೈಲ್ ಮೊದಲು ಗಂಡುಮಕ್ಕಳ ಕೈಗೆ ಹೋಗುವಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ ಗೊತ್ತುಪಡಿಸುವಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ಪೋಷಕರೊಂದಿಗೆ ಮಾತನಾಡುವುದು ಅಗತ್ಯ.

ಗಮನಿಸಬೇಕಾದ ಅಂಶಗಳು

ಮುದ್ರಿಕೆಯಲ್ಲಿ ಕೇಳಿಬರುವ ಮನೆಯ ಸದ್ದುಗದ್ದಲಕ್ಕಾಗಿ ಮಗುವಿನ ಅಂಕ ಕಡಿಮೆ ಮಾಡಬಾರದು. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಧ್ವನಿ ಅಥವಾ ಚಿತ್ರವನ್ನು ತರಗತಿಯ ಹೊರಗೆ ಹಂಚಬಾರದು. ಪ್ರತಿ ಮಗುವಿಗೂ ಅದರ ನುಡಿಯ ಬಗ್ಗೆ ಒಂದೆರಡು ಮಾತಿನ ಉತ್ತರ ಶಿಕ್ಷಕರಿಂದ ತಲುಪಲೇಬೇಕು. ಉತ್ತರ ಬಾರದ ಕರೆ ಮಗುವನ್ನು ಮೌನಕ್ಕೆ ತಳ್ಳುತ್ತದೆ.

ಮನೆಯಲ್ಲಿ ಕಲಿತದ್ದು ನಾಟಕದ ಪೂರ್ವಸಿದ್ಧತೆಯೇ ಹೊರತು ನಾಟಕವಲ್ಲ. ಶಾಲೆ ಪುನರಾರಂಭವಾದ ಮೊದಲ ವಾರದಲ್ಲಿಯೇ ಮಕ್ಕಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ದೂರದಿಂದ ನುಡಿದ ಅದೇ ಕರೆಯನ್ನು ಒಬ್ಬರ ಮುಖವನ್ನೊಬ್ಬರು ನೋಡುತ್ತ ನುಡಿಯುವಂತೆ ಮಾಡಿದಲ್ಲಿ ಈ ಪಾಠವು ಪೂರ್ಣಗೊಳ್ಳುತ್ತದೆ.