ಬದುವಿನಿಂದ ಹಸಿರು ಗಂಜಿಯವರೆಗೆ

ತುಮಕೂರಿನಿಂದ ಹೊರಟು ಕೊರಟಗೆರೆ, ಮಧುಗಿರಿ, ಪಾವಗಡದ ಮೂಲಕ ರಾಯದುರ್ಗ ಮುಟ್ಟಬೇಕಾದ 207 ಕಿ.ಮೀ. ರೈಲು ಮಾರ್ಗದ ಕೆಲಸ ವರ್ಷಗಟ್ಟಲೆ ಎಳೆದಿದೆ. ಇಂಥ ಕಾಮಗಾರಿಯಲ್ಲಿ ಹಳಿಗಿಂತ ಮೊದಲು ಬರುವುದು ಮಣ್ಣು. ಒಂದು ಕಡೆ ಗುಡ್ಡ ಕಡಿದು ಇನ್ನೊಂದು ಕಡೆ ಏರಿ ಹಾಕುತ್ತಾರೆ. ಎರಡೂ ಕಡೆ ನೆಲ ಬೋಳು. ಶಿರಾ ಸೀಮೆಗೆ ತುಮಕೂರು–ದಾವಣಗೆರೆ ರೈಲು ಮಾರ್ಗ ಮತ್ತು ಭದ್ರಾ ಮೇಲ್ದಂಡೆಯ ಕಾಲುವೆಯ ಕಾಮಗಾರಿಗಳು ಬಂದವು. ಪಾವಗಡದ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿತು. ಕೆಂಪು ಮರಳುಮಿಶ್ರಿತ ಮಣ್ಣಿನ ಈ ನಾಡಿನಲ್ಲಿ ಹೀಗೆ ಕೆದಕಿ ಬಿಟ್ಟ ನೆಲವನ್ನು ಮಳೆ ಸುಮ್ಮನೆ ಬಿಡುವುದಿಲ್ಲ.

ಇಲ್ಲಿನವರಿಗೆ ಮಣ್ಣು ಹಿಡಿಯುವ ವಿದ್ಯೆ ಗೊತ್ತಿಲ್ಲವೆಂದಲ್ಲ. ಹೊಲಕ್ಕೆ ಬದು, ಹಳ್ಳಕ್ಕೆ ಒಡ್ಡು, ತಗ್ಗಿನಲ್ಲಿ ಕೆರೆ, ಇದು ತಲೆಮಾರುಗಳಿಂದ ಬಂದ ಕ್ರಮ. ಸರ್ಕಾರದ ಯೋಜನೆಗಳೂ ಬಹುಪಾಲು ಇದೇ ದಾರಿ ಹಿಡಿದವು. 2001ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಸುಜಲ ಜಲಾನಯನ ಯೋಜನೆ ತುಮಕೂರು ಸೇರಿ ಐದು ಜಿಲ್ಲೆಗಳಲ್ಲಿ ನಡೆಯಿತು. ಉಪಗ್ರಹ ಚಿತ್ರ ನೋಡಿ ಯೋಜನೆ ಹಾಕುವುದು ಅದರ ಹೊಸತನವಾಗಿತ್ತು. ಹೊಲದಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಮಾತ್ರ ಬದು ಮತ್ತು ಒಡ್ಡುಗಳೇ.

ಬದು ತಡೆಯುವುದು ಹರಿಯುವ ನೀರನ್ನು. ಆದರೆ ಮಣ್ಣು ಕೀಳುವ ಕೆಲಸ ಅದಕ್ಕೂ ಮೊದಲೇ, ಹನಿ ಬಿದ್ದ ಗಳಿಗೆಯಲ್ಲೇ ಶುರುವಾಗಿರುತ್ತದೆ. 1940ರ ದಶಕದಲ್ಲಿ ಅಮೆರಿಕದ ಡಬ್ಲ್ಯು. ಡಿ. ಎಲಿಸನ್ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಬಿರುಸು ಮಳೆಯ ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಹೆಂಟೆ ಒಡೆದು ಸಣ್ಣ ಕಣಗಳು ಸಿಡಿಯುತ್ತವೆ, ಆ ಕಣಗಳೇ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮಳೆ ನಿಂತು ಬಿಸಿಲು ಕಾದರೆ ಮೇಲೆ ಹೆಪ್ಪುಗಟ್ಟಿದ ಪದರ. ಶೇಂಗಾ ಬಿತ್ತಿದ ಮರುದಿನ ಜೋರು ಮಳೆ ಬಂದರೆ ಮೊಳಕೆ ಮೇಲೇಳಲು ಒದ್ದಾಡುವುದನ್ನು ಪಾವಗಡದ ರೈತರು ಎಲಿಸನ್ ಹೆಸರು ಕೇಳದೆಯೂ ಬಲ್ಲರು.

ಹನಿಗೆ ಅಡ್ಡ ಹಿಡಿಯುವುದು ಹೇಗೆ? ಸಮತಟ್ಟಾದ ಹೊಲವಾದರೆ ಹುಲ್ಲೋ ಸೋಗೆಯೋ ಹರಡಬಹುದು. ಕಡಿದಾದ ಏರಿಯ ಮೇಲೆ ಅದು ನಿಲ್ಲದು. ಎರಡನೇ ಮಹಾಯುದ್ಧದ ನಂತರ ಹೆದ್ದಾರಿಗಳನ್ನು ಹಾಸುತ್ತಿದ್ದ ಅಮೆರಿಕಕ್ಕೆ ಎದುರಾದ ಸಮಸ್ಯೆ ಇದೇ. 1950ರ ದಶಕದಲ್ಲಿ ಒಹಾಯೊದ ಫಿನ್ ಕಂಪನಿ ಟ್ಯಾಂಕಿನಲ್ಲಿ ಬೀಜ, ಗೊಬ್ಬರ, ನೀರು ಕಲಸಿ ಪೈಪಿನಿಂದ ಎರಚುವ ಯಂತ್ರ ತಂದಿತು. ಮುಂದೆ ಇದೇ ವಿಧಾನಕ್ಕೆ ಮರದ ನಾರು, ಹಳೆ ಕಾಗದದ ತಿರುಳು ಸೇರಿ ಹೈಡ್ರೊಮಲ್ಚಿಂಗ್ ಆಯಿತು. ಟ್ಯಾಂಕಿನೊಳಗೆ ತಿರುಗುವ ರೆಕ್ಕೆಗಳು ಎಲ್ಲವನ್ನೂ ಗಂಜಿಯ ಹದಕ್ಕೆ ತರುತ್ತವೆ. ಅದರಲ್ಲಿ ಹಸಿರು ಬಣ್ಣವೂ ಇರುತ್ತದೆ. ಬಣ್ಣ ಹುಲ್ಲಿಗೇನೂ ಬೇಕಿಲ್ಲ. ಎಲ್ಲಿ ಎರಚಿ ಆಯಿತು, ಎಲ್ಲಿ ಬಿಟ್ಟುಹೋಯಿತು ಎಂದು ಪೈಪು ಹಿಡಿದವನಿಗೆ ಕಾಣಲಿ ಎಂದಷ್ಟೆ.

ಈ ಗಂಜಿ ಇಳಿಜಾರಿನಿಂದ ಜಾರದಂತೆ ಹಿಡಿದಿಡುವ ಅಂಟಿನ ಮೂಲ ಹಲವು ಸಲ ಗೋರಿಕಾಯಿ ಬೀಜ! ಪಲ್ಯಕ್ಕೆ ಹೆಚ್ಚುವ ಅದೇ ಗೋರಿಕಾಯಿ. ಅದರ ಬೀಜದ ಪುಡಿ ಗ್ವಾರ್ ಗಮ್. ಜಗತ್ತಿನ ಉತ್ಪಾದನೆಯಲ್ಲಿ ಸುಮಾರು ಶೇ 80 ಭಾರತದ್ದು, ಅದರಲ್ಲೂ ಬಹುಪಾಲು ರಾಜಸ್ಥಾನದ್ದು.

ಕರ್ನಾಟಕ ಇಂಥ ಹೊದಿಕೆಯ ಹತ್ತಿರಕ್ಕೆ ಬಂದದ್ದು ಗಣಿಗಳ ದೆಸೆಯಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಮತ್ತೆ ತೆರೆಯಬೇಕಾದರೆ ಗಣಿಗೊಂದು ಪುನಶ್ಚೇತನ ಯೋಜನೆ ಬೇಕಾಯಿತು. ಅದನ್ನು ಸಿದ್ಧಪಡಿಸುವ ಹೊಣೆ ಡೆಹ್ರಾಡೂನ್‌ನ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯದು. ಆ ಯೋಜನೆಗಳ ಪ್ರಕಾರ ಗಣಿಯ ಮಣ್ಣಿನ ರಾಶಿಯ ಬುಡಕ್ಕೆ ಕಲ್ಲಿನ ಗೋಡೆ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ, ಚಾಪೆಯ ಕಣ್ಣುಗಳ ನಡುವೆ ಹುಲ್ಲು ಮತ್ತು ಗಿಡ. ಯಂತ್ರ ಎರಚುವ ನಾರಿನ ಕೆಲಸವನ್ನೇ ಇಲ್ಲಿ ಚಾಪೆ ಮಾಡುತ್ತದೆ. ತೆಂಗಿನ ಜಿಲ್ಲೆಯಾದ ತುಮಕೂರಿಗೆ ನಾರು ದೂರದ್ದೂ ಅಲ್ಲ.

ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳ ಮಟ್ಟಿಗೆ ಯಂತ್ರಕ್ಕಿಂತ ಚಾಪೆಯೇ ವಾಸಿ ಎನಿಸಲು ಕಾರಣ ನೀರು. ಎಕರೆಗೆ 700–900 ಕೆ.ಜಿ. ನಾರು ಎರಚಲು ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು, ಅಂದರೆ ಎರಡು-ಮೂರು ಟ್ರ್ಯಾಕ್ಟರ್ ಟ್ಯಾಂಕರ್. ಕುಡಿಯುವ ನೀರಿಗೇ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಕಡೆ ಏರಿಗೆ ಟ್ಯಾಂಕರ್ ತರಿಸುವುದನ್ನು ಜನ ಸಹಿಸುವುದು ಕಷ್ಟ. ಎರಚಿದ ಮೇಲೂ ಬೀಜ ಮೊಳೆಯಲು ತೇವ ಬೇಕು. ಇಲ್ಲಿ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಕಾಮಗಾರಿಯ ಬಿಲ್ಲು ಆಗುವುದೋ, ಮಾರ್ಚ್‌ನಲ್ಲಿ! ಆ ಬಿಸಿಲಿಗೆ ಬಿತ್ತಿದ ಹುಲ್ಲು ಕಡತದಲ್ಲಷ್ಟೇ ಹಸಿರಾಗಿರುತ್ತದೆ.

ಸೋಲಾರ್ ಪಾರ್ಕಿನ ಸಂಗತಿ ಸ್ವಲ್ಪ ಬೇರೆ. ಹಲಗೆಯ ಮೇಲೆ ಬಿದ್ದ ಮಳೆಯೆಲ್ಲ ಕೆಳಗಿನ ಅಂಚಿನಿಂದ ಒಂದೇ ಗೆರೆಯಲ್ಲಿ ಸುರಿಯುವುದರಿಂದ ಬೋಳು ನೆಲವಾದರೆ ಅಲ್ಲೇ ಕೊರಕಲು ಬೀಳುತ್ತದೆ. ಹೊದಿಕೆ ಮೊದಲು ಬೇಕಾದದ್ದು ಆ ಗೆರೆಗೆ. ಹಲಗೆಯ ನೆರಳು ತೇವವನ್ನೂ ಕೊಂಚ ಉಳಿಸಿಕೊಡುತ್ತದೆ.

ಇನ್ನು ಕುರಿ. ಕುರಿ ಸಾಕಣೆಯನ್ನೇ ನೆಚ್ಚಿದ ಮನೆಗಳು ಇಲ್ಲಿ ಹಳ್ಳಿಹಳ್ಳಿಗೂ ಇವೆ. ಏರಿಯ ಮೇಲೆ ಹಸಿರು ಕಂಡರೆ ಮಂದೆ ಹತ್ತದೇ ಇರದು. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಎಲ್ಲೆಗೆ ಲಾವಂಚ ನೆಟ್ಟು ಬಹುಕಾಲದಿಂದ ಉಳಿಸಿಕೊಂಡಿರುವುದನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಜಗತ್ತಿಗೆ ಸಾರಿದ್ದರು. ಅದು ಉಳಿದುಕೊಂಡದ್ದಕ್ಕೆ ಬೇರಿನ ಆಳ ಒಂದು ಕಾರಣವಾದರೆ, ಬಲಿತ ಗರಿಗೆ ದನಕುರಿ ಬಾಯಿ ಹಾಕದಿರುವುದು ಇನ್ನೊಂದು. ಹಾಗಾಗಿ ಏರಿಯ ನಡುವೆ ಅಡ್ಡಸಾಲಿಗೆ ಲಾವಂಚ ನೆಟ್ಟು, ಸಾಲುಗಳ ನಡುವೆ ನಾರಿನ ಹೊದಿಕೆ ಹಾಸಿ ಸ್ಥಳೀಯ ಹುಲ್ಲಿನ ಬೀಜ ಚೆಲ್ಲುವುದು ಇಲ್ಲಿಗೆ ಒಗ್ಗುವ ಕ್ರಮ. ಆ ಬೀಜಕ್ಕೆ ಹೊರಗಡೆ ಹೋಗಬೇಕಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲೇ ಇದೆ. ಮಳೆಗಾಲ ಮುಗಿದು ತೆನೆ ಮಾಗಿದಾಗ ಅರಣ್ಯ ಇಲಾಖೆಯ ಒಪ್ಪಿಗೆಯಿಂದ ಒಂದಿಷ್ಟು ಕೊಯ್ದು ಒಣಗಿಸಿಟ್ಟರೆ ಮುಂದಿನ ಆಗಸ್ಟ್‌ನ ಬಿತ್ತನೆಗೆ ಒದಗುತ್ತದೆ.