ಘಾಟು ಯಾವುದು, ಗಾಯ ಯಾವುದು

ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದ ನನಗೆ ಕಣ್ಣುರಿ ಹೊಸದಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ಚೀಲ ಬಂದು ಬೀಳುವಾಗ ತೊಟ್ಟು ಮುರಿಯುವ ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂರುತ್ತಾರೆ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಧೂಳು ಕಣ್ಣನ್ನು ಬಿಡುವುದಿಲ್ಲ. ಘಾಟಿನ ಉರಿ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ. ಶುದ್ಧ ನೀರಿನಲ್ಲಿ 15 ನಿಮಿಷ ತೊಳೆದರೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮರುದಿನವೂ ಒಂದು ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ಸಹಿಸದಿದ್ದರೆ, ನೋಟ ಮಂಜಾದರೆ ಅದು ಬರೀ ಘಾಟಲ್ಲ.

ನನಗೆ ಹೆಚ್ಚು ಭಯ ರಾಣೆಬೆನ್ನೂರು ಕಡೆಯ ಗೋವಿನಜೋಳದ ಹೊಲಗಳದ್ದು. ತೆನೆ ಮುರಿಯುವಾಗ ಗರಿಯ ಅಂಚು ಕಣ್ಣಿಗೆ ಗೀರುತ್ತದೆ. ಕನ್ನಡಿಯಲ್ಲಿ ಏನೂ ಕಾಣದು. ಆದರೆ ಗರಿಯಲ್ಲಿದ್ದ ಶಿಲೀಂಧ್ರ ಗೀರಿನೊಳಗೆ ಸೇರಿದರೆ ಕೆಲವು ದಿನಗಳಲ್ಲಿ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಆಗ ಮೆಡಿಕಲ್ ಶಾಪಿನಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಕೆಂಪನ್ನು ಇಳಿಸಿ, ಒಳಗೆ ಶಿಲೀಂಧ್ರವನ್ನು ಬೆಳೆಸುತ್ತದೆ. ಹರಳೆಣ್ಣೆ, ಎದೆಹಾಲೂ ಬೇಡ. ಸಂಬಂಧಿಯೊಬ್ಬರ ಕಣ್ಣು ತೋರಿಸುವಾಗ ನಾನು ಜೊತೆಗಿದ್ದೆ: ಡಾಕ್ಟರು ಕಿತ್ತಳೆ ಬಣ್ಣದ ಔಷಧಿ ತಾಗಿಸಿ ನೀಲಿ ಬೆಳಕು ಬಿಟ್ಟರು, ಕೂದಲೆಳೆಯಷ್ಟು ಗೀರು ಹಸಿರಾಗಿ ಹೊಳೆಯಿತು. ಮನೆಯಲ್ಲಿ ಇದನ್ನು ಯಾರು ಕಂಡಾರು?

ಕೀಟನಾಶಕ ಸಿಡಿದರೆ ಮೊದಲು ನೀರು, ಆಮೇಲೆ ಆಸ್ಪತ್ರೆ; ಡಬ್ಬಿಯನ್ನೂ ಒಯ್ಯಿರಿ.

ನೋವಿಲ್ಲದ ಅಪಾಯವೂ ಇದೆ. ದಿಢೀರನೆ ಕಪ್ಪು ಚುಕ್ಕೆಗಳು ತೇಲಿ, ಮಿಂಚು ಹೊಡೆದು, ಒಂದು ಬದಿ ಪರದೆ ಇಳಿದಂತಾದರೆ ಅಕ್ಷಿಪಟ ಹರಿದಿರಬಹುದು. ಕಣ್ಣುನೋವಿನ ಜೊತೆ ದೀಪದ ಸುತ್ತ ಬಣ್ಣದ ಬಳೆ ಕಂಡು ವಾಂತಿ ಬಂದರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಇವೆರಡಕ್ಕೂ ಸುಗ್ಗಿ ಮುಗಿಯಲೆಂದು ಕಾಯಬೇಡಿ. ಅದೇ ದಿನ ಹಾವೇರಿ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೊರಡಿ.